‘ಅಮ್ಮ’ ಅಂತ ಬರೆಯೋಕೂ ಬರಲ್ಲ ಎನ್ನುವ ಮುಂಚೆ: ಒಂದನೇ ತರಗತಿ ಪೋಷಕರಿಗೆ ಪತ್ರ

ಒಂದನೇ ತರಗತಿ ಮಕ್ಕಳ ಪೋಷಕರಿಗೆ ನಮಸ್ಕಾರಗಳು.

ಶಾಲೆ ಶುರುವಾದ ಎರಡನೇ ವಾರಕ್ಕೆ ಪ್ರತಿ ವರ್ಷ ಒಂದು ಪ್ರಶ್ನೆ ಬರುತ್ತದೆ: “ಪುಸ್ತಕ ಖಾಲಿ ಇದೆಯಲ್ಲ ಸಾರ್, ಬರೀ ಆಟ ಆಡಿಸ್ತಿದ್ದೀರಾ?” ಜುಲೈಗೆ ಇನ್ನೊಂದು: “ಅ ಆ ಇ ಈ ಬಿಟ್ಟು ರ ಗ ಸ ಹೇಳಿಕೊಡ್ತಿದ್ದೀರಲ್ಲ, ಇದ್ಯಾವ ಕ್ರಮ?” ದಸರಾ ರಜೆಗೆ ಊರಿಂದ ಬಂದ ನೆಂಟರು ಮಗುವಿನ ಕೈಗೆ ಬಳಪ ಕೊಟ್ಟು ‘ಅಮ್ಮ’ ಬರೆಸಿ ನೋಡಿ, ಬರಲಿಲ್ಲ ಎಂದಾಗ ಮೂರನೆಯದು. ಮೂರೂ ನ್ಯಾಯವಾದ ಪ್ರಶ್ನೆಗಳೇ. ಆದ್ದರಿಂದ ಜೂನ್‌ನಿಂದ ದಸರಾವರೆಗೆ ತರಗತಿಯಲ್ಲಿ ಯಾವ ವಾರ ಏನು ನಡೆಯುತ್ತದೆ, ಮನೆಯಲ್ಲಿ ನೀವು ಏನು ಮಾಡಿದರೆ ಒಳ್ಳೆಯದು, ಏನು ಮಾಡದಿದ್ದರೆ ಇನ್ನೂ ಒಳ್ಳೆಯದು ಎಂದು ಮೊದಲೇ ತಿಳಿಸುತ್ತಿದ್ದೇವೆ.

ನಮ್ಮದು ನಲಿ-ಕಲಿ ತರಗತಿ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿ 2009-10ರಿಂದ ರಾಜ್ಯದಾದ್ಯಂತ ಸರ್ಕಾರಿ ಕನ್ನಡ ಶಾಲೆಗಳಲ್ಲಿದೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂರುತ್ತಾರೆ. ಹೊಸ ಪಾಠ ಹಿಡಿದವರು ಶಿಕ್ಷಕರ ಹತ್ತಿರ, ಅರ್ಧ ಕಲಿತವರು ಗೆಳೆಯರ ಸಹಾಯದಲ್ಲಿ, ಕಲಿತದ್ದನ್ನು ಅಭ್ಯಾಸ ಮಾಡುವವರು ತಾವೇ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮಗು ಯಾವ ಮೆಟ್ಟಿಲಲ್ಲಿದೆ ಎಂಬುದಕ್ಕೆ ಗುರುತಿರುತ್ತದೆ. ಹಾಗಾಗಿ ಕೆಳಗೆ ಹೇಳುವ ವಾರಗಳು ಅಂದಾಜು. ಪಕ್ಕದ ಮನೆಯ ಮಗು ಎರಡು ವಾರ ಮುಂದಿದ್ದರೆ ನಿಮ್ಮ ಮಗು ದಡ್ಡ ಎಂದಲ್ಲ.

ಒಂದರಿಂದ ನಾಲ್ಕನೇ ವಾರ: ಸಿದ್ಧತೆ

ಈ ನಾಲ್ಕು ವಾರ ಅಕ್ಷರ ಬರೆಸುವುದಿಲ್ಲ. ಕೈ, ಕಿವಿ, ಬಾಯಿ ಮೂರನ್ನೂ ಹದ ಮಾಡುತ್ತೇವೆ.

ಕೈಗೆ: ಮಣ್ಣು ಕಲಸಿ ಉಂಡೆ ಮಾಡುವುದು, ಹುಣಸೆ ಬೀಜ ಆರಿಸುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು. ಆಮೇಲೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಅಡಿ ಅಗಲದ ಸೊನ್ನೆ, ಅರ್ಧ ಸೊನ್ನೆ, ಅಲೆ, ಸುರುಳಿ. ಕನ್ನಡ ಅಕ್ಷರಗಳೆಲ್ಲ ಹೆಚ್ಚುಕಡಿಮೆ ದುಂಡಗೆ ಇರುವುದರಿಂದ, ಸೊನ್ನೆಯನ್ನು ಹೊರಟಲ್ಲಿಗೇ ತಂದು ಮುಚ್ಚಲು ಬಂದ ಕೈಗೆ ಮುಂದಿನ ಕೆಲಸ ಅರ್ಧ ಮುಗಿದಂತೆ. ನೆಲದಿಂದ ಗೋಡೆಯ ಕಪ್ಪುಹಲಗೆಗೆ, ಅಲ್ಲಿಂದ ಸ್ಲೇಟಿಗೆ, ಕೊನೆಗೆ ಪುಸ್ತಕಕ್ಕೆ. ಮೊದಲ ವಾರವೇ ಪುಸ್ತಕ ಕೊಟ್ಟರೆ ಮಗು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಒತ್ತುತ್ತದೆ. ಆ ಹಿಡಿತ ಒಮ್ಮೆ ಕೂತರೆ ಬಿಡಿಸುವುದು ಕಷ್ಟ. ಬಳಪವನ್ನು ಎರಡು ಇಂಚಿನ ತುಂಡು ಮಾಡಿ ಕೊಡಿ. ಗಿಡ್ಡ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲು ಜಾಗವೇ ಇರುವುದಿಲ್ಲ, ಮೂರು ಬೆರಳು ತಾವಾಗಿಯೇ ಸರಿ ಜಾಗಕ್ಕೆ ಬರುತ್ತವೆ.

ಕಿವಿಗೆ: ಪದವನ್ನು ಬಿಡಿಸಿ ಚಪ್ಪಾಳೆ ತಟ್ಟುವುದು. ಮ-ರ ಎರಡು ಚಪ್ಪಾಳೆ, ಬ-ಸ-ವ ಮೂರು, ಗ-ರ-ಗ-ಸ ನಾಲ್ಕು. ಆಮೇಲೆ ಪದಬಂಡಿ: ಮರ ಎಂದರೆ ರಸ, ರಸ ಎಂದರೆ ಸರ. ಪದದ ಕೊನೆಯ ಸದ್ದು ಯಾವುದು ಎಂದು ಕೇಳಿಸದ ಮಗುವಿಗೆ ಅಕ್ಷರದ ಆಕಾರ ತೋರಿಸಿ ಉಪಯೋಗವಿಲ್ಲ. ಇದನ್ನು ಮನೆಯಲ್ಲಿ, ಅಡುಗೆ ಮಾಡುತ್ತಾ, ಬಸ್ಸಿಗೆ ಕಾಯುತ್ತಾ ಆಡಬಹುದು. ಇದಕ್ಕೆ ಓದು ಬರಹ ಬಲ್ಲವರೇ ಬೇಕೆಂದಿಲ್ಲ, ಅಜ್ಜಿ ಸಾಕು.

ಬಾಯಿಗೆ: ಕಥೆ, ಹಾಡು, ಚಿತ್ರ ನೋಡಿ ಮಾತು. ಮನೆಯಲ್ಲಿ ತೆಲುಗು, ಉರ್ದು, ಲಂಬಾಣಿ, ತಮಿಳು ಆಡುವ ಮಕ್ಕಳು ಈ ವಾರಗಳಲ್ಲಿ ತಮ್ಮ ಮಾತಿನಲ್ಲೇ ಉತ್ತರ ಕೊಡಬಹುದು. ಅವರಿಗೆ ಕನ್ನಡ ಬರಲೆಂದು ನೀವು ಮನೆಮಾತು ನಿಲ್ಲಿಸಬೇಕಾಗಿಲ್ಲ. ಗೊತ್ತಿರುವ ಮಾತಿನಲ್ಲಿ ಚೆನ್ನಾಗಿ ಕಥೆ ಹೇಳುವ ಮಗು ಕನ್ನಡವನ್ನೂ ಬೇಗ ಹಿಡಿಯುತ್ತದೆ.

ಮಗುವಿನ ಹೆಸರು ಬರೆದ ಚೀಟಿ ಮೊದಲ ದಿನದಿಂದಲೇ ತರಗತಿಯಲ್ಲಿರುತ್ತದೆ. ಬೆಳಿಗ್ಗೆ ಬಂದು ತನ್ನ ಚೀಟಿ ಹುಡುಕಿ ಹಾಜರಿ ಪಟ್ಟಿಯಲ್ಲಿ ಸಿಕ್ಕಿಸಬೇಕು. ಇದು ಓದಲ್ಲ, ಗುರುತು. ಆದರೆ ಗೀಚಿದ ಗೆರೆಗೆ ಅರ್ಥವಿದೆ ಎಂಬುದು ಮಗುವಿಗೆ ಇಲ್ಲಿಂದಲೇ ಹೊಳೆಯುವುದು.

ಐದರಿಂದ ಏಳನೇ ವಾರ: ರ ಗ ಸ ದ ಅ

ಕನ್ನಡ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ಅವುಗಳ ಸಾಲು ಉಚ್ಚಾರಣೆಯ ಸ್ಥಾನ ನೋಡಿ ಕಟ್ಟಿದ್ದು. ಶಾಸ್ತ್ರಕ್ಕೆ ಬಹಳ ಸೊಗಸು, ಆದರೆ ಆರು ವರ್ಷದ ಮಗುವಿಗೆ ಓದು ಕಲಿಸಲು ಹೇಳಿ ಮಾಡಿಸಿದ್ದಲ್ಲ. ಅ ಆ ಇ ಈ ಉ ಊ ಆರೂ ಕಲಿತ ಮಗು ಅವಷ್ಟರಿಂದ ಎಷ್ಟು ಪದ ಓದಬಲ್ಲದು? ‘ಆ’, ‘ಈ’ ಬಿಟ್ಟರೆ ಇಲ್ಲವೆಂದೇ ಹೇಳಬೇಕು. ರ ಗ ಸ ದ ಅ ಐದೇ ಕಲಿತ ಮಗು ಸರ, ರಸ, ದರ, ಅರಸ, ಅಗಸ, ಗರಗಸ ಓದುತ್ತದೆ. ಮೂರು ವಾರಕ್ಕೆ ಓದಿದ ಸುಖ ಸಿಕ್ಕಿಬಿಡುತ್ತದೆ.

ಇನ್ನೊಂದು ಕಾರಣ ಆಕಾರ. ರ ಗ ಸ ದ ನಾಲ್ಕಕ್ಕೂ ತಲೆಕಟ್ಟು ಇದೆ, ಅಭ್ಯಾಸ ಒಂದೇ. ಅಕ್ಷರದ ಮೈ ಮೊದಲು, ತಲೆಕಟ್ಟು ಕೊನೆಗೆ ಎಂದು ಹೇಳಿಕೊಡುತ್ತೇವೆ. ತಲೆಕಟ್ಟು ಮೊದಲು ಎಳೆದ ಮಗುವಿಗೆ ಕೆಳಗಿನ ಮೈಗೆ ಎಷ್ಟು ಜಾಗ ಬೇಕೆಂದು ತಿಳಿಯದೆ ಅಕ್ಷರ ಜಜ್ಜಿಹೋಗುತ್ತದೆ.

ಇಲ್ಲೇ ಒಂದು ಕೋರಿಕೆ. ಮನೆಯಲ್ಲಿ ಇಡೀ ವರ್ಣಮಾಲೆ ಒಟ್ಟಿಗೆ ತಿದ್ದಿಸಬೇಡಿ. ರ, ಠ, ದ, ಧ, ಥ, ಬ, ಭ. ಇವುಗಳ ನಡುವೆ ಇರುವುದು ಒಂದು ಚುಕ್ಕಿ, ಒಂದು ಸೀಳು ಅಷ್ಟೇ. ಒಂದೇ ವಾರ ಎಲ್ಲ ನೋಡಿದ ಮಗು ಎಲ್ಲವನ್ನೂ ಕಲಸಿಕೊಳ್ಳುತ್ತದೆ. ‘ದ’ ಮೂರು ವಾರ ಓದಿ ಬರೆದು ಗಟ್ಟಿಯಾದ ಮೇಲೆ ‘ಧ’ ಬಂದರೆ ಅದರ ಸೀಳು ಎದ್ದು ಕಾಣುತ್ತದೆ. ಅಪರೂಪಕ್ಕೆ ಬರುವ ಮಹಾಪ್ರಾಣಗಳಿಗೆ ಅವಸರವಿಲ್ಲ. ಹಾಡಿನಂತೆ ಅ ಆ ಇ ಈ ಹೇಳಿಸಿ, ತೊಂದರೆಯಿಲ್ಲ. ಬರೆಸುವುದು ಬೇಡ.

ಕೈ ಹಿಡಿದು ತಿದ್ದಿಸುವುದೂ ಬೇಡ. ಬರೆಯುವುದು ನಿಮ್ಮ ಕೈ, ಮಗುವಿನದು ಬರೀ ಸವಾರಿ. ಮರಳಿನ ಮೇಲೆ, ಹರಡಿದ ರಾಗಿ ಹಿಟ್ಟಿನ ಮೇಲೆ ನೀವು ಬೆರಳಿನಲ್ಲಿ ದೊಡ್ಡದಾಗಿ ಬರೆದು ತೋರಿಸಿ, ಅಳಿಸಿ, ಮಗುವಿಗೆ ಬಿಡಿ. ಪುಟ ತುಂಬ ಒಂದೇ ಅಕ್ಷರ ಬರೆಸುವ ಹಳೆಯ ರೂಢಿ ಇದೆಯಲ್ಲ, ಅದರ ಪುಟವೊಂದನ್ನು ಮೇಲಿಂದ ಕೆಳಕ್ಕೆ ನೋಡಿ. ಮೊದಲ ಸಾಲಿನ ‘ದ’ ಚೆನ್ನಾಗಿರುತ್ತದೆ. ಎರಡನೇ ಸಾಲನ್ನು ಮಗು ಮೊದಲ ಸಾಲು ನೋಡಿ ಬರೆದಿರುತ್ತದೆ, ಮೂರನೆಯದನ್ನು ಎರಡನೆಯದು ನೋಡಿ. ಹತ್ತನೇ ಸಾಲಿಗೆ ಬರುವಾಗ ಅದು ಯಾವ ಭಾಷೆಯ ಅಕ್ಷರವೂ ಅಲ್ಲ. ತಪ್ಪನ್ನೇ ಹತ್ತು ಸಲ ಅಭ್ಯಾಸ ಮಾಡಿಸಿದಂತಾಯಿತು. ನಾಲ್ಕು ಸಲ ಬರೆಯಲಿ, ಅದರಲ್ಲಿ ಚಂದದ್ದು ಯಾವುದೆಂದು ಮಗುವೇ ಸುತ್ತು ಹಾಕಲಿ. ಅಲ್ಲಿಗೆ ನಿಲ್ಲಿಸಿ.

ಎಂಟರಿಂದ ಹತ್ತನೇ ವಾರ: ಜ ವ ಮ ಬ ನ

ಹಳೆಯ ಐದರ ಜೊತೆ ಹೊಸ ಐದು ಸೇರಿದಾಗ ಪದಗಳು ಒಮ್ಮೆಲೇ ಹೆಚ್ಚುತ್ತವೆ: ಮರ, ಜನ, ವನ, ದನ, ಬಸವ, ಗಜ, ಸಮ. ಜೋಡಿಪದಗಳೂ ಬರುತ್ತವೆ: ಬಸವನ ದನ, ಅರಸನ ಗಜ. ಪ್ರತಿ ವರ್ಷ ಒಂದಷ್ಟು ಮಕ್ಕಳು ತಡವರಿಸುವುದು ಇಲ್ಲೇ. ಬಿಡಿಬಿಡಿಯಾಗಿ ಬ, ಸ, ವ ಹೇಳುತ್ತಾರೆ, ಕೂಡಿಸಿ ‘ಬಸವ’ ಎನ್ನಲು ಆಗುವುದಿಲ್ಲ. ಒಂದೊಂದಕ್ಕೂ ನಿಂತು ಉಸಿರೆಳೆದುಕೊಂಡರೆ ಕೊನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತಿರುತ್ತದೆ. ಅಕ್ಷರದ ಕೆಳಗೆ ಬೆರಳನ್ನು ಎತ್ತದೆ ಎಳೆಯುತ್ತಾ, ಮೊದಲು ಎರಡಕ್ಷರದ ಪದ, ಆಮೇಲೆ ಮೂರಕ್ಷರದ್ದು ಓದಿಸಿ.

ವ ಮತ್ತು ಮ ಅದಲುಬದಲಾಗುವುದು ಮಾಮೂಲು. ಮುಂದೆ ‘ವು’ ಬಂದಾಗ ಈ ಗೊಂದಲ ಮತ್ತೊಮ್ಮೆ ತಲೆ ಎತ್ತುತ್ತದೆ, ಆಗ ಗಾಬರಿಯಾಗಬೇಡಿ.

ಹನ್ನೊಂದನೇ ವಾರದಿಂದ ದಸರಾ ರಜೆವರೆಗೆ ಉಳಿದ ಅಕ್ಷರಗಳು ಇದೇ ರೀತಿ ಗುಂಪು ಗುಂಪಾಗಿ ಬರುತ್ತವೆ. ‘ಹ’ ಕಲಿಯುವಾಗ ನಮ್ಮ ಕಡೆ ಒಂದು ತೊಡಕು. ಮನೆಯಲ್ಲಿ ಆಲು, ಆವು, ಅಣ್ಣು ಎಂದು ಕೇಳಿ ಬೆಳೆದ ಮಗು ಹಾಗೆಯೇ ಬರೆಯುತ್ತದೆ. ಅದು ಕಿವಿ ಸರಿ ಇರುವುದರ ಗುರುತು, ಕೇಳಿದ್ದನ್ನೇ ಬರೆದಿದೆ. ನಗಬೇಡಿ, ಬಯ್ಯಬೇಡಿ. ಹಾಲಿನ ಚಿತ್ರದ ಕೆಳಗೆ ‘ಹಾಲು’ ಎಂದು ನೋಡಿ ನೋಡಿ ತಾನಾಗಿ ಸರಿಹೋಗುತ್ತದೆ. ಳ-ಲ, ಣ-ನ, ಶ-ಸ ವಿಷಯದಲ್ಲೂ ಇದೇ ಮಾತು.

ಹಾಗಾದರೆ ‘ಅಮ್ಮ’ ಯಾವಾಗ?

ಅಮ್ಮ, ಅಪ್ಪ, ಅಣ್ಣ, ಅಕ್ಕ, ಅಜ್ಜ, ಅಜ್ಜಿ. ಮಗುವಿಗೆ ಅತಿ ಹತ್ತಿರದ ಈ ಪದಗಳಲ್ಲೆಲ್ಲ ಒತ್ತಕ್ಷರ ಇದೆ. ಒತ್ತಕ್ಷರ ಬರುವುದು ಕಾಗುಣಿತ ಮುಗಿದ ಮೇಲೆ. ಅದರಲ್ಲೂ ಮ, ತ, ನ, ಯ, ರ, ಲ ಇವುಗಳ ಒತ್ತು ಮೂಲ ಅಕ್ಷರದಂತೆ ಕಾಣುವುದೇ ಇಲ್ಲ. ಅಮ್ಮನ ಎರಡನೇ ‘ಮ’ ಕೆಳಗೆ ಹೋಗಿ ಬೇರೆಯೇ ವೇಷ ಹಾಕಿರುತ್ತದೆ. ಮಗು ಆ ಪದವನ್ನು ಚಿತ್ರದಂತೆ ಗುರುತು ಹಿಡಿಯಬಹುದು, ನೋಡಿ ಬರೆಯಬಹುದು. ತಾನಾಗಿ ಬಿಡಿಸಿ ಓದಿ ಬರೆಯುವುದಕ್ಕೆ ಕಾಯಬೇಕು. ದಸರಾಕ್ಕೆ ಪರೀಕ್ಷೆ ಮಾಡಲೇಬೇಕೆಂದಿದ್ದರೆ ‘ಅರಸ’, ‘ಮರ’, ‘ಬಸವ’ ಬರೆಸಿ.

ದಸರಾ ನಂತರ ಕಾಗುಣಿತ. ‘ಕಗೆ ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ’ ಎಂದು ರಾಗವಾಗಿ ಹೇಳುವ ಮಗು ನೋಡಲು ಬಹಳ ಚೆಂದ. ಆದರೆ ಮಧ್ಯದಿಂದ ‘ಕೇ’ ತೋರಿಸಿದರೆ ಮೊದಲಿಂದ ಹಾಡಿಕೊಂಡೇ ಬರಬೇಕಾಗುತ್ತದೆ. 34 ವ್ಯಂಜನಕ್ಕೆ 13 ಸ್ವರ ಸೇರಿದರೆ 442 ರೂಪಗಳು, ಬಾಯಿಪಾಠದ ಲೆಕ್ಕವಲ್ಲ. ಆದ್ದರಿಂದ ಒಂದು ಸಲಕ್ಕೆ ಒಂದೇ ಚಿಹ್ನೆ. ಮೊದಲು ಇಳಿ, ಗೊತ್ತಿರುವ ಎಲ್ಲ ಅಕ್ಷರಕ್ಕೂ: ಬಾ, ರಾಜ, ಮಾವ, ದಾರ. ‘ಬಸವ, ಬಾ’ ಎಂಬ ಪೂರ್ತಿ ವಾಕ್ಯ ಓದಿದ ದಿನ ಮಗುವಿನ ಮುಖ ನೀವು ನೋಡಬೇಕು.

ಗಣಿತ

ಅಕ್ಷರದಷ್ಟು ತಕರಾರು ಇಲ್ಲಿ ಬರುವುದಿಲ್ಲ. “ನಮ್ಮ ಮಗ ನೂರರವರೆಗೆ ಹೇಳ್ತಾನೆ” ಎಂಬ ಹೆಮ್ಮೆಯೇ ಹೆಚ್ಚು. ಹೇಳುವುದು ಬೇರೆ, ಎಣಿಸುವುದು ಬೇರೆ. ಏಳು ಹುಣಸೆ ಬೀಜ ಚೆಲ್ಲಿ ಎಣಿಸಲು ಹೇಳಿ. ಒಂದೇ ಬೀಜ ಎರಡು ಸಲ ಎಣಿಸುತ್ತದೆಯೇ? ಒಂದನ್ನು ಹಾರಿಸುತ್ತದೆಯೇ? ಎಣಿಸಿ ಮುಗಿದ ಮೇಲೆ “ಒಟ್ಟು ಎಷ್ಟು?” ಎಂದರೆ ಮತ್ತೆ ಒಂದರಿಂದ ಶುರು ಮಾಡುತ್ತದೆಯೇ? ಅದೇ ಏಳನ್ನು ಅಗಲವಾಗಿ ಹರಡಿದರೆ “ಜಾಸ್ತಿ ಆಯ್ತು” ಎನ್ನುತ್ತದೆಯೇ? ಮೊದಲ ನಾಲ್ಕು ವಾರದ ಹೆಚ್ಚು-ಕಡಿಮೆ, ಜೋಡಿಸು, ಗುಂಪು ಮಾಡು ಎಲ್ಲ ಇದಕ್ಕಾಗಿಯೇ. ಐದನೇ ವಾರದಿಂದ 1ರಿಂದ 5, ಒಂಬತ್ತನೇ ವಾರದ ಹೊತ್ತಿಗೆ 9. ಸೊನ್ನೆ ಆಮೇಲೆ, ತಟ್ಟೆಯ ಬೀಜ ಒಂದೊಂದಾಗಿ ತೆಗೆದು ಖಾಲಿ ಮಾಡಿ ತೋರಿಸುತ್ತೇವೆ. ದಸರಾಕ್ಕೆ ಮುಂಚೆ ಒಂಬತ್ತರೊಳಗಿನ ಕೂಡುವುದು, ಕಳೆಯುವುದು. ರಜೆ ಮುಗಿದ ಮೇಲೆ ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್.

ಈ ಕಟ್ಟು ಕಟ್ಟಿಸದೆ ಮುಂದೆ ಹೋದರೆ ಏನಾಗುತ್ತದೆ ಎಂದರೆ, ಇಪ್ಪತ್ತೊಂಬತ್ತಾದ ಮೇಲೆ ‘ಇಪ್ಪತ್ತಹತ್ತು’ ಬರುತ್ತದೆ. ಇಪ್ಪತ್ತೊಂದನ್ನು 201 ಎಂದು ಬರೆಯುತ್ತದೆ, ಕೇಳಿದಂತೆ ಇಪ್ಪತ್ತು, ಪಕ್ಕದಲ್ಲಿ ಒಂದು. ಒಂಬತ್ತು, ಎಂಬತ್ತು, ತೊಂಬತ್ತು ಕಿವಿಗೆ ಒಂದೇ ತರ ಕೇಳುವುದರಿಂದ ಅಲ್ಲೂ ಎಡವುತ್ತಾರೆ. ಅದಕ್ಕೆ ಮದ್ದು ಮಗ್ಗಿಯಲ್ಲ, ಒಂಬತ್ತು ಕಟ್ಟು ಕೈಗೆ ಕೊಡುವುದು. 3, 7 ಉಲ್ಟಾ ಬರೆದರೆ ಈ ವಯಸ್ಸಿಗೆ ಸಹಜ. ಎರಡನೇ ತರಗತಿ ಮುಗಿಯುವಾಗಲೂ ಹಾಗೆಯೇ ಇದ್ದರೆ ನಮಗೆ ಹೇಳಿ.

ಮನೆಯಲ್ಲಿ ಚೌಕಾಬಾರ ಆಡಿಸಿ. ಕವಡೆ ಎಷ್ಟು ಬಿತ್ತೆಂದು ಎಣಿಸದೆ ನೋಡಿದೊಡನೆ ಹೇಳುವುದು, ಅಷ್ಟೇ ಮನೆ ನಡೆಸುವುದು. ನಮ್ಮ ಎರಡು ವಾರದ ಪಾಠ ಅದರಲ್ಲಿದೆ. ಅಳಗುಳಿ ಮಣೆ ಇದ್ದರಂತೂ ಇನ್ನೂ ಒಳ್ಳೆಯದು.

ಪರಿಸರ ಅಧ್ಯಯನದಲ್ಲಿ ದಿನಾ ಹವಾಮಾನ ಪಟ್ಟಿ ತುಂಬುವುದು, ಮನೆಯವರು, ಪ್ರಾಣಿ, ಗಿಡ. ಇಂಗ್ಲಿಷ್ ಈ ವರ್ಷ ಹಾಡು ಮತ್ತು ಸಣ್ಣ ಮಾತುಗಳಲ್ಲಿ. ಎಬಿಸಿಡಿ ಬರೆಯಲು ಬರಲಿಲ್ಲವೆಂದು ಮನೆಪಾಠಕ್ಕೆ ಕಳಿಸಬೇಡಿ ಎಂದಷ್ಟೇ ಹೇಳುತ್ತೇವೆ.

ಸಣ್ಣ ಮಕ್ಕಳ ಓದು-ಲೆಕ್ಕಕ್ಕಾಗಿ ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಪುಣ್ ಭಾರತ್ ಯೋಜನೆಯ ಗುರಿಯ ಪ್ರಕಾರ ಒಂದನೇ ತರಗತಿ ಮುಗಿಯುವಾಗ ಮಗು ನಾಲ್ಕೈದು ಸರಳ ಪದಗಳ ಸಣ್ಣ ವಾಕ್ಯ ಓದಬೇಕು, 99ರವರೆಗೆ ಸಂಖ್ಯೆ ತಿಳಿಯಬೇಕು. ಮೂರನೇ ತರಗತಿಗೆ ನಿಮಿಷಕ್ಕೆ 60 ಪದ ಎಂದು ಕೇಳಿ ಕೆಲವರು ಈಗಲೇ ಮೊಬೈಲಿನಲ್ಲಿ ಸಮಯ ಹಿಡಿಯುತ್ತಾರೆ. ದಯವಿಟ್ಟು ಬೇಡ. ‘ಹೋಗುತ್ತಿದ್ದೇನೆ’ ಎಂಬುದು ಕನ್ನಡದಲ್ಲಿ ಒಂದೇ ಪದ; ವೇಗಕ್ಕೆ ಬಿದ್ದ ಮಗು ಮೊದಲಕ್ಷರ ನೋಡಿ ಉಳಿದದ್ದನ್ನು ಊಹಿಸಲು ಶುರು ಮಾಡುತ್ತದೆ.

ಗೈರುಹಾಜರಿ ಬಗ್ಗೆ: ಮಗು ಬಿಟ್ಟ ಮೆಟ್ಟಿಲಿಂದಲೇ ಮತ್ತೆ ಹತ್ತಬಹುದು, ಪಾಠ ತಪ್ಪಿಹೋಗುವುದಿಲ್ಲ. ಆದರೂ ಐದರಿಂದ ಹತ್ತನೇ ವಾರದೊಳಗೆ ಜಾತ್ರೆ, ನೆಂಟರ ಮನೆ ಎಂದು ವಾರಗಟ್ಟಲೆ ಬಿಡಿಸಬೇಡಿ. ಆಗ ತಾನೇ ಕಲಿತ ಅಕ್ಷರ ಒಂದು ವಾರ ಕಣ್ಣಿಗೆ ಬೀಳದಿದ್ದರೆ ಅಳಿಸಿಹೋಗುತ್ತದೆ. ಮಗು ಹಲಗೆ ನೋಡಲು ಕಣ್ಣು ಕಿರಿದು ಮಾಡುತ್ತಿದ್ದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ ತಡ ಮಾಡದೆ ತಿಳಿಸಿ, ಶಾಲೆಗೆ ಬರುವ ಆರೋಗ್ಯ ತಪಾಸಣೆ ತಂಡಕ್ಕೆ ತೋರಿಸೋಣ.

ಪ್ರಗತಿ ನೋಟ, ಅಂದರೆ ಮಗುವಿನ ಕಲಿಕೆಯ ದಾಖಲೆ, ನೋಡಲು ಯಾವುದೇ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಬನ್ನಿ. ಮಗು ಯಾವ ಮೆಟ್ಟಿಲಲ್ಲಿದೆ ಎಂದು ಮಗುವಿನ ಕೈಯಲ್ಲೇ ತೋರಿಸುತ್ತೇವೆ.

ಬರುವ ಸೋಮವಾರ ಕಳಿಸಬೇಕಾದವು: ಒಂದು ಸ್ಲೇಟು, ತುಂಡು ಮಾಡಿದ ಬಳಪ, ಒರೆಸಲು ಹತ್ತಿ ಬಟ್ಟೆಯ ಚೂರು, ತೊಳೆದು ಒಣಗಿಸಿದ ಹುಣಸೆ ಬೀಜ 20, ಬೆರಳುದ್ದದ ಕಡ್ಡಿ 20. ಪೆನ್ಸಿಲ್, ಡಬಲ್ ರೂಲ್ ಪುಸ್ತಕ ಈಗ ಬೇಡ, ಆಗಸ್ಟ್‌ನಲ್ಲಿ ಹೇಳುತ್ತೇವೆ.

ಇಂತಿ,
ಮುಖ್ಯ ಶಿಕ್ಷಕರು
ಮತ್ತು ನಲಿ-ಕಲಿ ತರಗತಿ ಶಿಕ್ಷಕರು