ನಡುರಾತ್ರಿ ಹಿಡಿದುಕೊಳ್ಳುವ ಮೀನಖಂಡ: ಗೆಳೆಯನಿಗೊಂದು ಪತ್ರ

ಮಂಡ್ಯ

ಪ್ರಿಯ ಗೆಳೆಯ,

ತೂಕ ಇಳಿಸಲು ಮಾಡುವ ಹೊಟ್ಟೆಯ ಬೈಪಾಸ್ ಶಸ್ತ್ರಚಿಕಿತ್ಸೆಯಾಗಿ ನಾಲ್ಕು ವಾರ ಕಳೆದರೂ ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ ನಿನ್ನನ್ನು ಎಬ್ಬಿಸುತ್ತಿದೆಯೆಂದೂ, ಅವ್ವ ಹೆದರಿಯಾರೆಂದು ಹಲ್ಲು ಕಚ್ಚಿಕೊಂಡು ಸುಮ್ಮನಿರುತ್ತೀಯೆಂದೂ ಓದಿದಾಗಿನಿಂದ ನನ್ನ ಮನಸ್ಸು ಬೇರೆ ಯಾವ ಕೆಲಸದಲ್ಲೂ ನಿಂತಿಲ್ಲ. ತೂಕ ಇಳಿಯಬೇಕಾದರೆ ಇಷ್ಟನ್ನಾದರೂ ಅನುಭವಿಸಲೇಬೇಕಲ್ಲ ಎಂಬ ನಿನ್ನ ಮಾತನ್ನು ನಾನು ಒಪ್ಪುವುದಿಲ್ಲ. ಕಳೆದ ವರ್ಷ ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಸ್ಲೀವ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮೇಲೆ ನಾನೂ ಹಾಗೆಯೇ ತಿಳಿದು ಎರಡು ತಿಂಗಳು ನರಳಿದೆ, ಮತ್ತು ಆ ನರಳಾಟದ ಅಗತ್ಯವೇ ಇರಲಿಲ್ಲ. ಈ ಸೆಳೆತಕ್ಕೆ ಬಹುಪಾಲು ಒಂದಲ್ಲ ಒಂದು ಕಾರಣವಿರುತ್ತದೆ. ಹುಡುಕಿದರೆ ಸಿಗುತ್ತದೆ, ಸಿಕ್ಕರೆ ಸರಿಪಡಿಸಬಹುದು.

ಎಲ್ಲಕ್ಕಿಂತ ಮೊದಲು ಒಂದನ್ನು ನೋಡಿಕೋ. ಸೆಳೆತವೆಂಬುದು ಹಠಾತ್ತಾಗಿ ಬಂದು, ಕೆಲವು ನಿಮಿಷ ಹಿಂಡಿ, ಬಿಟ್ಟುಹೋಗುತ್ತದೆ. ಅದರ ಬದಲು ಒಂದೇ ಕಾಲಿನಲ್ಲಿ ನೋವು ಗಂಟೆಗಟ್ಟಲೆ ನಿಂತಿದ್ದು, ಆ ಕಾಲು ಊದಿ, ಮುಟ್ಟಿದರೆ ಬಿಸಿಯಾಗಿದ್ದು, ಚರ್ಮ ಕೆಂಪೇರಿದ್ದರೆ ಅದು ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಲಕ್ಷಣವಾಗಿರಬಹುದು. ಶಸ್ತ್ರಚಿಕಿತ್ಸೆಯ ನಂತರದ ವಾರಗಳಲ್ಲಿ, ಮನೆಗೆ ಬಂದ ಮೇಲೂ, ಆ ಅಪಾಯ ಇದ್ದೇ ಇರುತ್ತದೆ. ಅಂಥ ಕಾಲಿಗೆ ಯಾರೂ ಎಣ್ಣೆ ಹಚ್ಚಿ ನೀವಬಾರದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಉಸಿರು ಕಟ್ಟಿದರೆ ಅಥವಾ ಎದೆ ನೋವು ಬಂದರೆ ರಾತ್ರಿಯೆಂದು ನೋಡದೆ ಹೊರಡಬೇಕು. ಅವ್ವನಿಂದ ಮುಚ್ಚಿಡಬೇಡವೆಂದು ನಾನು ಒತ್ತಾಯಿಸುವುದು ಇದಕ್ಕಾಗಿಯೇ. ಆ ಹೊತ್ತಿನಲ್ಲಿ ನಿನ್ನ ಜೊತೆಗಿರುವವರು ಅವರೊಬ್ಬರೇ.

ಇನ್ನು ನೀರು. ನಿನ್ನ ಹೊಟ್ಟೆಯಲ್ಲಿ ಈಗ ಉಳಿದಿರುವುದು ಸುಮಾರು 30 ಮಿಲಿ ಲೀಟರ್ ಹಿಡಿಯುವ ಪುಟ್ಟ ಚೀಲ, ದೇಹ ಕೇಳುವುದು ಮಾತ್ರ ದಿನಕ್ಕೆ ಒಂದೂವರೆಯಿಂದ ಎರಡು ಲೀಟರ್ ನೀರು. ಮೊದಲಿನಂತೆ ಚೊಂಬೆತ್ತಿ ಕುಡಿಯುವ ಕಾಲ ಮುಗಿಯಿತು. ನಮ್ಮ ಮಕ್ಕಳಿಗೆ ಹಾಲು ಕುಡಿಸಿದ ಬೆಳ್ಳಿಯ ಒಳಲೆಯನ್ನೇ ನಾನು ಅಟ್ಟದ ಪೆಟ್ಟಿಗೆಯಿಂದ ಹೊರತೆಗೆದೆ. ಆಸ್ಪತ್ರೆಯವರು ಕೊಟ್ಟ ಅಳತೆಯ ಲೋಟದಿಂದ ಸುರಿದು ನೋಡಿದರೆ ಅದೂ ಸರಿಯಾಗಿ 30 ಮಿಲಿ ಲೀಟರ್ ಹಿಡಿಯಿತು. ಹತ್ತು ನಿಮಿಷಕ್ಕೊಂದು ಒಳಲೆಯಾದರೆ ಗಂಟೆಗೆ 180 ಮಿಲಿ ಲೀಟರ್, ಹತ್ತು ಗಂಟೆಗೆ 1.8 ಲೀಟರ್. ಊಟಕ್ಕೆ ಅರ್ಧ ಗಂಟೆ ಮುಂಚೆ ಮತ್ತು ಅರ್ಧ ಗಂಟೆ ನಂತರ ನೀರು ಬೇಡವೆಂದು ಹೇಳಿರುವುದರಿಂದ, ಬೆಳಿಗ್ಗೆ ಆರಕ್ಕೇ ಆರಂಭಿಸಿದರೆ ಮಾತ್ರ ಈ ಲೆಕ್ಕ ಕೂಡುತ್ತದೆ. ನಿನ್ನ ಮೂತ್ರ ಗಾಢ ಹಳದಿಯಾಗಿದೆಯೆಂದು ಬರೆದಿದ್ದೀಯ; ಲೆಕ್ಕ ಕೂಡಿಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಆದರೆ ಬರಿಯ ನೀರಿನಿಂದ ನನಗೆ ಪೂರ್ತಿ ಗುಣವಾಗಲಿಲ್ಲ. ಊಟ ಇಷ್ಟೊಂದು ಕಡಿಮೆಯಾದಾಗ ದೇಹ ಕೂಡಿಟ್ಟ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ಕರಗಿ, ಅದರೊಡನಿದ್ದ ನೀರು ಹೊರಹೋಗುತ್ತದೆ. ಇನ್ಸುಲಿನ್ ಇಳಿಯುವುದರಿಂದ ಮೂತ್ರಪಿಂಡಗಳು ಉಪ್ಪನ್ನೂ ಹೆಚ್ಚಾಗಿ ಹೊರಹಾಕುತ್ತವೆ. ಹಾಗಾಗಿ ಉಪ್ಪು ಹಾಕಿದ ನೀರುಮಜ್ಜಿಗೆ, ಬೇಳೆಯ ಕಟ್ಟಿನ ತಿಳಿಸಾರು ನನಗೆ ಬಹಳ ನೆರವಾದವು. ಮದ್ದೂರಿನ ಎಳನೀರಿದ್ದರೆ ಬೇರೇನೂ ಬೇಡವೆಂದು ನಮ್ಮ ಕಡೆಯವರೆಲ್ಲ ಹೇಳುತ್ತಾರೆ. ಎಳನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ, ಆದ್ದರಿಂದ ಅದು ಮಜ್ಜಿಗೆಯ ಜೊತೆಗಿರಲಿ, ಮಜ್ಜಿಗೆಯ ಬದಲಾಗುವುದು ಬೇಡ. ಮೂತ್ರಪಿಂಡದ ತೊಂದರೆಯಿದ್ದವರಿಗೆ ಎಳನೀರೂ, ರಕ್ತದೊತ್ತಡವಿದ್ದವರಿಗೆ ಉಪ್ಪೂ ವೈದ್ಯರನ್ನು ಕೇಳಿಯೇ ಆಗಬೇಕು.

ರಕ್ತದೊತ್ತಡವೆಂದ ಮೇಲೆ ನನ್ನ ನಿಜವಾದ ಕಥೆಯನ್ನು ಹೇಳಲೇಬೇಕು. ಐದು ವರ್ಷದಿಂದ ನಾನು ಬೆಳಿಗ್ಗೆ ಒಂದು ಬಿ.ಪಿ. ಮಾತ್ರೆ ನುಂಗುತ್ತಿದ್ದೆ. ಶಸ್ತ್ರಚಿಕಿತ್ಸೆಯ ನಂತರ ಆ ಮಾತ್ರೆಯ ಬಗ್ಗೆ ಯಾರೂ ಮಾತನಾಡಲಿಲ್ಲ, ನಾನೂ ಕೇಳಲಿಲ್ಲ. ಅಭ್ಯಾಸಬಲದಿಂದ ಅದು ಮುಂದುವರಿಯಿತು. ಹದಿನೆಂಟು ಕಿಲೋ ಇಳಿದ ಮೇಲೂ ಕಾಲು, ಕೆಲವೊಮ್ಮೆ ಕೈಬೆರಳುಗಳು ಕೂಡ ಹಿಡಿದುಕೊಳ್ಳುತ್ತಿದ್ದವು. ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು. ಕೊನೆಗೆ ಔಷಧಿ ಅಂಗಡಿಯ ಹುಡುಗ ಮಾತ್ರೆಯ ಹಾಳೆಯ ಹಿಂಬದಿಯನ್ನು ಓದಿ, ಇದರಲ್ಲಿ ಮೂತ್ರ ಹೆಚ್ಚಿಸುವ ಔಷಧಿಯೂ ಸೇರಿದೆ, ಡಾಕ್ಟರಿಗೆ ತೋರಿಸಿದ್ದೀರಾ ಸಾರ್ ಎಂದು ಕೇಳಿದ. ಹೈಡ್ರೊಕ್ಲೋರೋಥಯಾಜೈಡ್ ಎಂಬ ಆ ಅಂಶ ನೀರಿನ ಜೊತೆಗೆ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನೂ ಹೊರಕ್ಕೆಳೆಯುತ್ತದೆ. ನಾನು ಒಳಲೆಯಲ್ಲಿ ತುಂಬಿಸುತ್ತಿದ್ದುದನ್ನು ಅದು ಹಿಂದಿನಿಂದ ಖಾಲಿ ಮಾಡುತ್ತಿತ್ತು. ವೈದ್ಯರು ರಕ್ತ ಪರೀಕ್ಷೆ ಮಾಡಿಸಿ ಆ ಮಾತ್ರೆಯನ್ನು ನಿಲ್ಲಿಸಿದರು. ವಾರದೊಳಗೆ ರಾತ್ರಿ ನಿದ್ದೆ ಬಂತು. ನೀನೂ ಹಳೆಯ ಮಾತ್ರೆಗಳನ್ನು ಮುಂದುವರಿಸಿದ್ದೀಯಲ್ಲವೇ? ನೀನಾಗಿ ನಿಲ್ಲಿಸಬೇಡ, ಆದರೆ ಪ್ರತಿಯೊಂದು ಹಾಳೆಯನ್ನೂ ವೈದ್ಯರ ಮುಂದಿಡು.

ಕ್ಯಾಲ್ಸಿಯಂ ವಿಷಯದಲ್ಲಿ ನಿನಗೆ ನನಗಿಂತ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಬೈಪಾಸಿನಲ್ಲಿ ಆಹಾರವು ಕ್ಯಾಲ್ಸಿಯಂ ಹೆಚ್ಚಾಗಿ ಹೀರಲ್ಪಡುವ ಸಣ್ಣ ಕರುಳಿನ ಆರಂಭದ ಭಾಗವನ್ನು ಮುಟ್ಟದೆಯೇ ಮುಂದೆ ಸಾಗುತ್ತದೆ. ರಾಗಿ ತಿನ್ನುವ ನಮಗೆ ಅದರ ಕೊರತೆಯೇ ಎಂದು ನೀನು ಕೇಳಬಹುದು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ; ಆದರೆ ನಿನಗೆ ದಿನಕ್ಕೆ ಬೇಕಾಗಿರುವುದು 1200ರಿಂದ 1500 ಮಿಲಿಗ್ರಾಂ, ಮತ್ತು ನೀನೀಗ ಕುಡಿಯುತ್ತಿರುವುದು ನಾಲ್ಕು ಚಮಚ ಅಂಬಲಿ. ಮಾತ್ರೆ ಬೇಕೇ ಬೇಕು. ಹೊಟ್ಟೆಯ ಆಮ್ಲ ಕಡಿಮೆಯಾಗಿರುವುದರಿಂದ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪದ್ದು ನಿನಗೆ ಒಳ್ಳೆಯದು. ಒಂದು ಸಲಕ್ಕೆ 500ರಿಂದ 600 ಮಿಲಿಗ್ರಾಂ ಮೀರಬಾರದು. ಕಬ್ಬಿಣಾಂಶದ ಮಾತ್ರೆಗೂ ಇದಕ್ಕೂ ಎರಡು ಗಂಟೆಯಾದರೂ ಅಂತರವಿರಬೇಕು, ಏಕೆಂದರೆ ಜೊತೆಗೆ ತೆಗೆದುಕೊಂಡರೆ ಕಬ್ಬಿಣಾಂಶ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ನಾನು ಮರೆಯಬಾರದೆಂದು ಎಲ್ಲವನ್ನೂ ರಾತ್ರಿ ಒಟ್ಟಿಗೆ ನುಂಗುತ್ತಿದ್ದೆ. ರಕ್ತದ ಕ್ಯಾಲ್ಸಿಯಂ ಸರಿಯಿದೆಯೆಂದು ವರದಿ ಬಂದರೂ ಅಷ್ಟಕ್ಕೇ ಸಮಾಧಾನಪಡಬೇಡ. ಕೊರತೆಯಾದಾಗ ದೇಹ ಮೂಳೆಯಿಂದ ಅದನ್ನು ಎಳೆದುಕೊಳ್ಳುತ್ತದೆ. ಡಿ ಜೀವಸತ್ವ, ಪ್ಯಾರಾಥೈರಾಯ್ಡ್ ಹಾರ್ಮೋನ್ ಮತ್ತು ಮೆಗ್ನೀಸಿಯಂ ಪರೀಕ್ಷೆಯನ್ನೂ ಕೇಳು.

ಕಳೆದ ವಾರ ಎರಡು ದಿನ ವಾಂತಿಯಾಯಿತೆಂಬ ಮಾತನ್ನು ನೀನು ಒಂದೇ ಸಾಲಿನಲ್ಲಿ ಮುಗಿಸಿದ್ದೀಯ. ಅದು ಮತ್ತೆ ಬಂದರೆ ಬೀದಿಯ ಕ್ಲಿನಿಕ್ಕಿನಲ್ಲಿ ಒಂದು ಬಾಟ್ಲಿ ಗ್ಲೂಕೋಸ್ ಹಾಕಿಸಿಕೊಂಡು ಬಂದುಬಿಡಬೇಡ. ಬಿ1 ಜೀವಸತ್ವದ ದಾಸ್ತಾನು ದೇಹದಲ್ಲಿ ಕೆಲವೇ ವಾರಗಳದ್ದು. ಅದು ಬರಿದಾದಾಗ ಗ್ಲೂಕೋಸ್ ಮೊದಲು ಹೋದರೆ ಮಿದುಳಿಗೇ ಹಾನಿಯಾಗಬಹುದು. ಶಸ್ತ್ರಚಿಕಿತ್ಸೆಯಾಗಿದೆಯೆಂದು ಮೊದಲೇ ತಿಳಿಸಿ, ಬಿ1 ಕೊಡುವಂತೆ ಕೇಳು. ಅಂಗಾಲು ಉರಿ, ಜೋಮು, ನಡಿಗೆಯಲ್ಲಿ ತೂರಾಟ, ಕಣ್ಣಿಗೆ ಎರಡೆರಡು ಕಾಣುವುದು, ಇವುಗಳಲ್ಲಿ ಯಾವುದು ಕಂಡರೂ ತಡಮಾಡಬೇಡ.

ಸೆಳೆತ ಬಂದ ಕ್ಷಣಕ್ಕೆ ಒಂದು ಉಪಾಯವಿದೆ. ಹೊಟ್ಟೆಯ ಗಾಯಗಳಿನ್ನೂ ಎಳೆಯುತ್ತಿರುವುದರಿಂದ ಬಗ್ಗಿ ಪಾದ ಹಿಡಿಯಲಾಗದು. ಹಾಸಿಗೆಯ ಪಕ್ಕದಲ್ಲಿ ಉದ್ದನೆಯ ಟವೆಲ್ಲೊಂದನ್ನು ಇಟ್ಟುಕೊಂಡು, ಅದನ್ನು ಅಂಗಾಲಿಗೆ ಸುತ್ತಿ, ಮಂಡಿಯನ್ನು ನೇರವಾಗಿಟ್ಟು, ಹೆಬ್ಬೆರಳು ನಿನ್ನ ಕಡೆಗೆ ಬರುವಂತೆ ನಿಧಾನವಾಗಿ ಎಳೆ. ಬಿಟ್ಟ ಮೇಲೆ ಬಿಸಿನೀರಿನಲ್ಲಿ ಹಿಂಡಿದ ಬಟ್ಟೆಯನ್ನಿಡು.

ಭಾನುವಾರ ಬೆಳಗಿನ ರೈಲಿಗೆ ಮೈಸೂರಿಗೆ ಬರುತ್ತೇನೆ. ಮಾತ್ರೆಗಳ ಚೀಲ, ಬಿಡುಗಡೆಯ ಚೀಟಿ, ರಕ್ತದ ವರದಿ ಎಲ್ಲವನ್ನೂ ಮೇಜಿನ ಮೇಲಿಟ್ಟಿರು; ಯಾವ ಮಾತ್ರೆ ಎಷ್ಟು ಗಂಟೆಗೆ, ವೈದ್ಯರನ್ನು ಕೇಳಬೇಕಾದದ್ದೇನು ಎಂಬುದನ್ನು ಇಬ್ಬರೂ ಕೂತು ಬರೆಯೋಣ. ಬಿಸಿಲೇರುವ ಮುನ್ನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಿನ್ನಿಂದಾದಷ್ಟು ದೂರ ನಡೆಯೋಣ. ಒಳಲೆಯನ್ನು ನಾನೇ ತರುತ್ತೇನೆ.

ಅವ್ವನಿಗೆ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ,
ಮಂಡ್ಯದ ಗೆಳೆಯ