ಕುರ್ಚಿ ಎಲ್ಲಿ ಹಾಕಲಿ ಅಂತ ಮೊದಲು ಕೇಳಿ

ಮಾನ್ಯರೇ,

ದೊಡ್ಡ ಆಘಾತ ಕಂಡು ಬದುಕುಳಿದವರಿಗೆ ನಾವೆಲ್ಲ ಹೇಳುವ ಮಾತು ಒಂದೇ. "ಮನಸ್ಸಲ್ಲಿರೋದನ್ನೆಲ್ಲ ಹೇಳ್ಕೊಂಡ್‌ಬಿಡು, ಹಗುರ ಆಗ್ತೀಯ." ನಾನೂ ನನ್ನ ಅಕ್ಕನಿಗೆ ಹಾಗೇ ಹೇಳಿದ್ದೆ. ಎಲ್ಲರಿಗೂ ಅದು ಒಗ್ಗುವುದಿಲ್ಲ ಎಂದು ಅರ್ಥವಾಗುವ ಹೊತ್ತಿಗೆ ಒಂದು ವರ್ಷ ಕಳೆದಿತ್ತು.

ಅಕ್ಕ ರಸ್ತೆ ಅಪಘಾತದಲ್ಲಿ ಬದುಕುಳಿದವಳು. ಮೈಮೇಲಿನ ಗಾಯ ಬೇಗ ಮಾಯಿತು. ಆದರೆ ಯಾವುದಾದರೂ ಗಾಡಿ ಗಕ್ಕನೆ ಬ್ರೇಕ್ ಹಾಕಿದರೆ ಅವಳ ಕೈಲಿದ್ದ ಲೋಟ ಬಿದ್ದುಹೋಗುತ್ತಿತ್ತು. ರಾತ್ರಿ ದೀಪ ಆರಿಸಲು ಬಿಡುತ್ತಿರಲಿಲ್ಲ. ಥೆರಪಿಗೆಂದು ಮೊದಲು ಹೋದ ಕಡೆ ಮೊದಲ ದಿನವೇ, "ಅವತ್ತು ಏನಾಯ್ತು, ಒಂದೂ ಬಿಡದೆ ಹೇಳಿ" ಎಂದರು. ಹೇಳಿದಳು. ಮನೆಗೆ ಬಂದು ಮೂರು ರಾತ್ರಿ ಕಣ್ಣು ಮುಚ್ಚಲಿಲ್ಲ. ಮತ್ತೆ ಅತ್ತ ಕಾಲಿಡಲೂ ಇಲ್ಲ. ವಾಸಿಯಾಗುವ ಮನಸ್ಸೇ ಇವಳಿಗಿಲ್ಲ ಎಂದು ನಾವು ಬೈದೆವು. ಅದನ್ನು ನೆನೆದರೆ ಈಗಲೂ ಕರುಳು ಹಿಂಡಿದಂತಾಗುತ್ತದೆ.

ಎರಡನೆಯ ಥೆರಪಿಸ್ಟ್ ಅಪಘಾತದ ಸುದ್ದಿಯನ್ನೇ ಎತ್ತಲಿಲ್ಲ. "ನಿಮ್ಗೆ ಎಲ್ಲಿ ಕೂತ್ರೆ ಆರಾಮ?" ಅಂತ ಕೇಳಿದರು. ಅಕ್ಕ ಬಾಗಿಲು ಕಾಣುವ ಹಾಗೆ ಕುರ್ಚಿ ತಿರುಗಿಸಿಕೊಂಡಳು. ಮೊದಲ ಕೆಲವು ವಾರ ಬರೀ ನಿದ್ದೆಯ ಮಾತು, ಉಸಿರಾಟದ ಅಭ್ಯಾಸ. ಭಯ ಬಂದಾಗ ಪಾದ ನೆಲಕ್ಕೆ ಒತ್ತಿ, ಕಣ್ಣಿಗೆ ಕಂಡ ಐದು ವಸ್ತುಗಳ ಹೆಸರು ಹೇಳುವುದು. ಆಮೇಲೆ ಅಪಘಾತದ ಮಾತು. ಅದೂ ಅವಳು "ಇವತ್ತಿಗೆ ಸಾಕು" ಅನ್ನುವವರೆಗೆ ಮಾತ್ರ.

ಇದು ಹೊಸ ವಿಚಾರವೇನಲ್ಲ. ಮೊದಲು ಸುರಕ್ಷಿತ ಅನ್ನಿಸಬೇಕು, ಆಮೇಲೆ ನೆನಪು ಮತ್ತು ದುಃಖ, ಆಮೇಲೆ ಜನರೊಂದಿಗೆ ಮತ್ತೆ ಬೆರೆಯುವುದು ಎಂದು ಅಮೆರಿಕದ ಮನೋವೈದ್ಯೆ ಜುಡಿತ್ ಹರ್ಮನ್ 1992ರಲ್ಲೇ ಬರೆದಿದ್ದರು. ದುರಂತವಾದ ಕೂಡಲೇ ಜನರನ್ನು ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿಯೂ ಒಂದು ಕಾಲಕ್ಕೆ ಜೋರಾಗಿತ್ತು. ಪರೀಕ್ಷಿಸಿ ನೋಡಿದಾಗ ಅದರಿಂದ ಲಾಭ ಕಾಣಲಿಲ್ಲ. ಕೆಲವರಿಗೆ ತೊಂದರೆ ಜಾಸ್ತಿಯೇ ಆಗಿತ್ತು.

ಹಾಗಂತ ನೆನಪನ್ನು ಮುಟ್ಟಲೇಬಾರದು ಎಂದು ನಾನು ಹೇಳುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಸೂಚಿಸಿದ ಆಘಾತ ಕೇಂದ್ರಿತ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ನೆರವಾಗುವ ಮಾತಿನ ಚಿಕಿತ್ಸೆ), ಇಎಂಡಿಆರ್ (ನೆನಪನ್ನು ಮನಸ್ಸಿಗೆ ತಂದುಕೊಂಡು ಕಣ್ಣನ್ನು ಅತ್ತಿತ್ತ ಆಡಿಸುವ ಚಿಕಿತ್ಸೆ) ಎರಡೂ ನೆನಪಿನ ಜೊತೆಗೇ ಕೆಲಸ ಮಾಡುತ್ತವೆ. ಕೆಲವರು ಮೊದಲ ವಾರವೇ ಮಾತಾಡಲು ತಯಾರಿರುತ್ತಾರೆ. ಅವರನ್ನು ಸುಮ್ನೆ ಕಾಯಿಸುವುದೂ ತಪ್ಪು. ಬ್ರೇಕ್ ಸದ್ದಿಗೆ ನಡುಗುವವರಿಗೆ ಭಯದ ಸಂಗತಿಯನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಥೆರಪಿ ಹಿಡಿಸಬಹುದು. "ನನ್ನಿಂದಲೇ ಹೀಗಾಯ್ತು" ಎಂದು ಕೊರಗುವವರಿಗೆ ಆ ಯೋಚನೆಯನ್ನೇ ಬಿಡಿಸಿ ನೋಡುವ ಕೆಲಸ ಬೇಕು. ಮಕ್ಕಳು ಎಷ್ಟೋ ಸಲ ಆಟದಲ್ಲಿ, ಚಿತ್ರದಲ್ಲಿ ಹೇಳುತ್ತಾರೆ. ಬಾಲ್ಯದಿಂದ ವರ್ಷಗಟ್ಟಲೆ ಹಿಂಸೆ ಉಂಡವರ ಕಥೆಯೇ ಬೇರೆ. 2022ರಲ್ಲಿ ಜಾರಿಗೆ ಬಂದ ರೋಗಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ, ಇಂಥವರಲ್ಲಿ ಹೆಚ್ಚಾಗಿ ಕಾಣುವ, ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆಯ ಜಟಿಲ ರೂಪವಾದ ಸಂಕೀರ್ಣ ಪಿಟಿಎಸ್‌ಡಿಗೆ ಪ್ರತ್ಯೇಕ ಜಾಗವಿದೆ. ಇವರೆಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದರೆ ಹೇಗೆ?

ಚಿಕಿತ್ಸಾ ಕೇಂದ್ರ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಎಲ್ಲಿಂದ ಶುರು ಮಾಡೋಣ ಎಂದು ಬಂದವರನ್ನೇ ಕೇಳಿ. ನಾಲ್ಕೈದು ಸೆಷನ್‌ಗೊಮ್ಮೆ "ಇದು ಒಗ್ಗುತ್ತಿದೆಯಾ?" ಎಂದು ವಿಚಾರಿಸಿ. ಇಲ್ಲ ಅಂದರೆ ದಾರಿ ಬದಲಿಸಿ, ಬೇಕಿದ್ದರೆ ಥೆರಪಿಸ್ಟ್ ಬದಲಿಸಿ. ಅರ್ಧಕ್ಕೆ ಬಿಟ್ಟುಹೋದವರಿಗೆ ಒಂದು ಫೋನ್ ಮಾಡಿ, ಏನು ಕಷ್ಟವಾಯಿತು ಎಂದು ಕೇಳಿ. ಅಕ್ಕನಿಗೆ ಅಂಥ ಫೋನ್ ಬರಲೇ ಇಲ್ಲ.

ಇಂತಿ,
ನಿಮ್ಮ ಓದುಗಿ