ಮಾತ್ರೆ ಚೀಲ ಬಿಚ್ಚಿ ನೋಡಲು ವಾರಕ್ಕೊಂದು ಮಧ್ಯಾಹ್ನ ಕೊಡಿ: ಕೋಲಾರ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಮನೆ ಬಾಗಿಲಿಗೇ ಹೋಗಿ ಬಿಪಿ, ಷುಗರ್ ನೋಡುವ ಗೃಹ ಆರೋಗ್ಯ ಯೋಜನೆಗೆ 2024ರಲ್ಲಿ ಚಾಲನೆ ಸಿಕ್ಕಿದ್ದು ಕೋಲಾರದಲ್ಲೇ. ಕಾಯಿಲೆ ಪತ್ತೆಯಾಗುತ್ತಿದೆ, ಮಾತ್ರೆಯೂ ಸಿಗುತ್ತಿದೆ. ಮಾತ್ರೆ ಮನೆಗೆ ಹೋದಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಯಾರೂ ಕೂತು ನೋಡುತ್ತಿಲ್ಲ. ಬಿಪಿ ಮಾತ್ರೆ ಸರ್ಕಾರಿ ಆಸ್ಪತ್ರೆಯದು, ಷುಗರ್‌ದು ಪಟ್ಟಣದ ಕ್ಲಿನಿಕ್ಕಿನದು, ಮಂಡಿ ನೋವಿಗೆ ಊರಿನ ಆರ್‌ಎಂಪಿ (ವೈದ್ಯ ಪದವಿಯಿಲ್ಲದ ಡಾಕ್ಟರು) ಕೊಟ್ಟದ್ದು, ಗ್ಯಾಸ್ಟ್ರಿಕ್‌ಗೆ ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದದ್ದು. ಕೊಟ್ಟ ಕೈ ನಾಲ್ಕು, ಹೊಟ್ಟೆ ಒಂದೇ.

ಇವನ್ನೆಲ್ಲ ಒಟ್ಟಿಗೆ ಮೇಜಿನ ಮೇಲೆ ಸುರಿದು ನೋಡುವುದೇ ಔಷಧಿ ಪರಿಶೀಲನೆ. ಭಾರತೀಯ ಫಾರ್ಮಸಿ ಕೌನ್ಸಿಲ್‌ನ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯಲ್ಲಿ ಇದು ಫಾರ್ಮಸಿಸ್ಟರ ಕರ್ತವ್ಯವೆಂದೇ ಇದೆ. ಹೊಸ ಕಾನೂನು ಬೇಡ. ಮಾತ್ರೆ ಕೊಡುವ ಕಿಟಕಿಯಲ್ಲಿ ಸರದಿ ಕಾಯುವವರ ನಡುವೆ ಒಬ್ಬರಿಗೆ ಒಂದು ನಿಮಿಷ ಸಿಕ್ಕರೆ ಹೆಚ್ಚು. ಈ ಕೆಲಸಕ್ಕೆ 20 ನಿಮಿಷ ಬೇಕು. ಫಾರ್ಮಸಿಸ್ಟರಾದ ನಮ್ಮ ಕೋರಿಕೆ ಇಷ್ಟೇ: ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನ ಮಧ್ಯಾಹ್ನ 2.30ರಿಂದ 4.30ರವರೆಗೆ, ಸರದಿಯಿಂದ ದೂರದಲ್ಲಿ ಒಂದು ಮೇಜು, ಮೂರು ಕುರ್ಚಿ. ಒಂದು ಮಧ್ಯಾಹ್ನಕ್ಕೆ ಐದು ಜನ, ಅದಕ್ಕಿಂತ ಹೆಚ್ಚು ಬೇಡ. ಮೊದಲ ಸರದಿ 60 ದಾಟಿ ಐದಕ್ಕಿಂತ ಹೆಚ್ಚು ಔಷಧಿ ನುಂಗುವವರಿಗೆ, ಇನ್ಸುಲಿನ್ ಹಾಕಿಕೊಳ್ಳುವವರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ, ಹದಿನೈದು ದಿನದೊಳಗೆ ಆಸ್ಪತ್ರೆಯಿಂದ ಬಿಡುಗಡೆಯಾದವರಿಗೆ.

ಚೀಟಿಯೊಂದನ್ನೇ ತಂದರೆ ಪ್ರಯೋಜನವಿಲ್ಲ. ಡಾಕ್ಟರು ಬರೆದದ್ದು ಚೀಟಿಯಲ್ಲಿರುತ್ತದೆ, ರೋಗಿ ನುಂಗಿದ್ದು ಚೀಲದಲ್ಲಿರುತ್ತದೆ. ಆದ್ದರಿಂದ ಆಶಾ ಕಾರ್ಯಕರ್ತೆಯರು ಹಿಂದಿನ ದಿನವೇ ಹೇಳಿ ಕಳಿಸಬೇಕು: ನಿಲ್ಲಿಸಿದ ಮಾತ್ರೆ, ಕಣ್ಣಿನ ಹನಿ, ನೋವಿನ ಮುಲಾಮು, ನಾಟಿ ಪುಡಿ, ಎಲ್ಲವೂ ಬರಲಿ. "ಸರಿಯಾಗಿ ತಗೋತಿದ್ದೀಯಾ ಅಜ್ಜಿ?" ಎಂದು ಕೇಳಿದರೆ "ಹೂಂ ಕಣಪ್ಪ" ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. "ಹೋದ ವಾರ ಎಷ್ಟು ದಿನ ತಪ್ಪಿತು?" ಎಂದು ಕೇಳಬೇಕು, ಮುಳಬಾಗಿಲು, ಶ್ರೀನಿವಾಸಪುರದ ಕಡೆಯಾದರೆ ತೆಲುಗಿನಲ್ಲೇ ಕೇಳಬೇಕು. ಆಮೇಲೆ ಸ್ಟ್ರಿಪ್ ಎಣಿಸಬೇಕು. ದಿನಕ್ಕೊಂದರಂತೆ 30 ಕೊಟ್ಟು 20 ದಿನವಾಗಿದ್ದರೆ 10 ಉಳಿದಿರಬೇಕು. 18 ಇದ್ದರೆ ಎಂಟು ದಿನ ತಪ್ಪಿದೆ. ಇದನ್ನು ನೋಡದೆ ಬಿಪಿ ಇಳಿದಿಲ್ಲವೆಂದು ಡೋಸ್ ಏರಿಸಿದರೆ, ಸರಿಯಾಗಿ ನುಂಗಲು ಶುರು ಮಾಡಿದ ವಾರವೇ ತಲೆ ಸುತ್ತಿ ಬೀಳುತ್ತಾರೆ.

ಚೀಲದಲ್ಲಿ ಹುಡುಕಬೇಕಾದ್ದು ಏನೆಂದು ಮೊದಲೇ ಗೊತ್ತಿರಬೇಕು. ಮುಖ್ಯವಾದದ್ದು ಹೆಸರು ಬೇರೆಯಾದರೂ ಒಳಗಿನ ಔಷಧಿ ಒಂದೇ ಆಗಿರುವುದು. ಆಸ್ಪತ್ರೆಯ ಷುಗರ್ ಮಾತ್ರೆ ಗ್ಲಿಮೆಪಿರೈಡ್ ಒಂದು ಕಡೆ, ಅದೇ ಗ್ಲಿಮೆಪಿರೈಡ್ ಜೊತೆಗೆ ಇನ್ನೊಂದು ಷುಗರ್ ಔಷಧಿ ಮೆಟ್‌ಫಾರ್ಮಿನ್ ಸೇರಿದ ಬ್ರ್ಯಾಂಡ್ ಮಾತ್ರೆ ಇನ್ನೊಂದು ಕಡೆ. ಶನಿವಾರ ಒಪ್ಪತ್ತು ಇರುವವರು ಎರಡನ್ನೂ ನುಂಗಿದರೆ ಸಂಜೆಯೊಳಗೆ ಷುಗರ್ ಕುಸಿಯುತ್ತದೆ. ಸರಬರಾಜು ಕಂಪನಿ ಬದಲಾದಾಗ ಮಾತ್ರೆಯ ಬಣ್ಣವೂ ಬದಲಾಗಿ, ಹಳೆಯದನ್ನೂ ಹೊಸದನ್ನೂ ಜೊತೆಯಲ್ಲಿ ನುಂಗುವುದುಂಟು.

ಎರಡನೆಯದು ಮಂಡಿ ನೋವಿನ ಡೈಕ್ಲೋಫೆನಾಕ್. ಬಿಪಿಯ ಟೆಲ್ಮಿಸಾರ್ಟನ್ ಅಥವಾ ಎನಲಾಪ್ರಿಲ್, ಮೂತ್ರ ಹೋಗಿಸುವ ಮಾತ್ರೆ, ಇವೆರಡರ ಜೊತೆ ಅದೂ ಸೇರಿದರೆ ಮೂತ್ರಪಿಂಡಕ್ಕೆ ಮೂರು ಕಡೆಯಿಂದ ಏಟು. ಅಂಥವರಿಗೆ ಅಂದೇ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಪೊಟ್ಯಾಸಿಯಂ ರಕ್ತ ಪರೀಕ್ಷೆ ಬೇಕು. ಹೆಸರಿಲ್ಲದ ಪೊಟ್ಟಣದ ಮಾತ್ರೆ ನುಂಗಿದ ಮೇಲೆ ನೋವು ಮಾಯವಾಗಿ ಷುಗರ್ ಏರಿದ್ದರೆ ಸ್ಟೀರಾಯ್ಡ್ ಎಂದೇ ಅನುಮಾನಿಸಬೇಕು. ಅದನ್ನು ತಿಂಗಳುಗಟ್ಟಲೆ ನುಂಗಿದ್ದರೆ ದಿಢೀರನೆ ನಿಲ್ಲಿಸಿಬಿಡುವುದೂ ಅಪಾಯ. ಬಿಪಿ ಮಾತ್ರೆ ಅಮ್ಲೋಡಿಪಿನ್‌ನಿಂದ ಕಾಲು ಊದಿ, ಆ ಊತಕ್ಕೆ ಮೂತ್ರ ಹೋಗಿಸುವ ಫ್ಯೂರೋಸೆಮೈಡ್ ಸೇರಿ, ಒಂದು ಮಾತ್ರೆ ಎರಡಾಗುವುದು ಮಾಮೂಲು. ಆ ಊತ ಅದರಿಂದ ಅಷ್ಟಾಗಿ ಇಳಿಯುವುದೂ ಇಲ್ಲ.

ಇನ್ಸುಲಿನ್ ಹಾಕಿಕೊಳ್ಳುವವರು ಸಿರಿಂಜನ್ನೂ ತರಲೇಬೇಕು. ನಮ್ಮಲ್ಲಿ ಬಾಟಲಿ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್‌ನದು. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. ಕಿತ್ತಳೆ ಮುಚ್ಚಳದ್ದು 100 ಯೂನಿಟ್‌ನದು. ಅದರಲ್ಲಿ 20ರ ಗೆರೆಗೆ ಎಳೆದರೆ ದೇಹಕ್ಕೆ ಹೋಗುವುದು 8 ಯೂನಿಟ್ ಮಾತ್ರ. ತಿರುಗಾಮುರುಗಾ ಆದರೆ, ಅಂದರೆ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ಕ್ಕೆ ಎಳೆದರೆ, ಹೋಗುವುದು 50 ಯೂನಿಟ್. ಜೀವಕ್ಕೇ ಕುತ್ತು.

ಕಂಡದ್ದನ್ನೆಲ್ಲ ಒಂದು ಪುಟದಲ್ಲಿ ಬರೆಯಬೇಕು: ಔಷಧಿಯ ಮೂಲ ಹೆಸರು, ಮಿಲಿಗ್ರಾಂ, ಯಾತಕ್ಕೆ, ಹೇಗೆ ಬರೆದಿದ್ದಾರೆ, ಹೇಗೆ ನುಂಗುತ್ತಿದ್ದಾರೆ, ಎಷ್ಟು ಉಳಿದಿದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ ಎನ್ನುವಂಥದ್ದನ್ನು ನಾವೇ ಹೇಳಿ ಕಳಿಸಬಹುದು. ಡೋಸ್ ಬದಲಿಸುವುದು, ನಿಲ್ಲಿಸುವುದು ವೈದ್ಯರ ಕೆಲಸ; ಅದನ್ನು ಫಾರ್ಮಸಿಸ್ಟ್ ಮಾಡಬಾರದು. ಈ ಸೇವೆ ಮುಗ್ಗರಿಸುವುದೂ ಇಲ್ಲೇ. ಎರಡು ಪುಟದ ಟಿಪ್ಪಣಿ ಬರೆದರೆ ವೈದ್ಯರು ಓದುವುದಿಲ್ಲ, ಅವರಿಗೆ ಪುರುಸೊತ್ತೂ ಇಲ್ಲ. "ಇಜಿಎಫ್‌ಆರ್ 28, ಮೆಟ್‌ಫಾರ್ಮಿನ್ ದಿನಕ್ಕೆ 2000 ಮಿಲಿಗ್ರಾಂ ನಡೆದಿದೆ, 30ಕ್ಕಿಂತ ಕೆಳಗೆ ಕೊಡುವಂತಿಲ್ಲ, ಬದಲಿ ಸೂಚಿಸಿ": ಇಷ್ಟು ಸಾಕು (ಇಜಿಎಫ್‌ಆರ್ ಎಂದರೆ ಮೂತ್ರಪಿಂಡ ರಕ್ತ ಸೋಸುವ ಶಕ್ತಿಯ ಅಳತೆ). ರೋಗಿ ಮನೆಗೆ ಹೋಗುವ ಮೊದಲು ಉತ್ತರ ಬರಬೇಕು. ಬರದಿದ್ದರೆ ಅಜ್ಜಿ ಅದೇ ಚೀಲ ಹಿಡಿದು ಅದೇ ಬಸ್ ಹತ್ತುತ್ತಾರೆ.

ದಯವಿಟ್ಟು ಇದಕ್ಕೆ ತಿಂಗಳ ಟಾರ್ಗೆಟ್ ಹಾಕಬೇಡಿ. ಇಂಗ್ಲೆಂಡಿನಲ್ಲಿ 2005ರಿಂದ ಔಷಧಿ ಅಂಗಡಿಗಳಿಗೆ ಒಂದೊಂದು ಪರಿಶೀಲನೆಗೂ ಹಣ ಕೊಟ್ಟರು, ಒಂದು ಅಂಗಡಿಗೆ ವರ್ಷಕ್ಕೆ 400ರ ಮಿತಿಯಿತ್ತು. ಅಗತ್ಯವಿದ್ದವರನ್ನು ಬಿಟ್ಟು ಸುಲಭಕ್ಕೆ ಸಿಕ್ಕವರನ್ನು ಕೂರಿಸಿ ಲೆಕ್ಕ ತುಂಬಿಸುತ್ತಾರೆ ಎಂಬ ಟೀಕೆ ಬಂತು. 2021ರಲ್ಲಿ ಆ ಸೇವೆಯನ್ನೇ ಮುಚ್ಚಿದರು. ಲೆಕ್ಕ ಬೇಕೆಂದರೆ ಎರಡನ್ನು ಕೇಳಿ: ನಾವು ಎತ್ತಿದ ಪ್ರಶ್ನೆಗಳಲ್ಲಿ ಎಷ್ಟಕ್ಕೆ ವೈದ್ಯರ ಉತ್ತರ ಬಂತು, ತಿಂಗಳಾದ ಮೇಲೆ ಎಷ್ಟು ಜನರ ಚೀಲದಲ್ಲಿ ಆ ಬದಲಾವಣೆ ಕಂಡಿತು.

ಒಬ್ಬರೇ ಫಾರ್ಮಸಿಸ್ಟ್ ಇರುವ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗಲೇ ಬೇಡ. ಅವರು ಮೇಜಿಗೆ ಬಂದರೆ ಕಿಟಕಿಯಲ್ಲಿ ಗ್ರೂಪ್ ಡಿ ನೌಕರರನ್ನು ಕೂರಿಸುವುದಕ್ಕೆ 1948ರ ಫಾರ್ಮಸಿ ಕಾಯ್ದೆಯ 42ನೇ ಕಲಂ ಒಪ್ಪುವುದಿಲ್ಲ. ಇಬ್ಬರಿರುವ ಆಸ್ಪತ್ರೆಗಳಿಂದ ಶುರುವಾಗಲಿ. ನಿಮ್ಮ ಆದೇಶದಲ್ಲಿ ಆಸ್ಪತ್ರೆಯ ಹೆಸರು, ವಾರ, ವೇಳೆ ಇದ್ದರೆ ಸಾಲದು; ಆ ಎರಡು ಗಂಟೆ ನಮ್ಮ ಪ್ರಶ್ನೆಗೆ ಉತ್ತರಿಸಬೇಕಾದ ವೈದ್ಯರು ಯಾರು ಎಂಬುದನ್ನೂ ಹೆಸರು ಹಾಕಿ ಬರೆಯಿರಿ.

ಇಂತಿ,
ಕೋಲಾರ ಜಿಲ್ಲೆಯ ಕೆಲವು ಫಾರ್ಮಸಿಸ್ಟರು